ಅಪ್‌ಡೇಟ್: ಜಪಾನಿನಲ್ಲಿ ಇಂಗ್ಲಿಷ್ ಪಾಠಕ್ಕೆ ಯಾವ ಬಟ್ಟೆ?

ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಏನು ಹಾಕಿಕೊಳ್ಳಲಿ ಅಂತ ಕೇಳಿದ್ದೆನಲ್ಲ, ಮೊದಲ ವಾರ ಮುಗಿಯಿತು.

ಕಪ್ಪು ಸೂಟ್ ಒಂದಿರಲಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಏಪ್ರಿಲ್‌ನ ಪ್ರವೇಶ ಸಮಾರಂಭಕ್ಕೆ ಅದೇ ಬೇಕಾಯಿತು. ದಿನವೂ ಟೈ ಕಟ್ಟಿ ಎಂಬ ಸಲಹೆ ಮಾತ್ರ ಹೊಂದಲಿಲ್ಲ. ಚಿಕ್ಕ ಮಕ್ಕಳ ಜೊತೆ ಓಡಬೇಕು, ನೆಲದ ಮೇಲೆ ಕೂರಬೇಕು. ಕಾಲರ್ ಶರ್ಟ್, ಸಡಿಲ ಪ್ಯಾಂಟ್ ಸಾಕು. ಬೇಸಿಗೆಯಲ್ಲಂತೂ ಕೋಟು, ಟೈ ಬೇಡವಂತೆ. 2005ರಲ್ಲಿ ಸರ್ಕಾರವೇ ಶುರುಮಾಡಿದ 'ಕೂಲ್ ಬಿಜ್' ಪದ್ಧತಿ ಅದು.

ನನಗೆ ಗೊತ್ತೇ ಇರದಿದ್ದದ್ದು ಶೂ ವಿಷಯ. ಹೊರಗಿನ ಶೂ ಬಾಗಿಲಲ್ಲೇ ಬಿಡಬೇಕು, ಒಳಗೆ ಬೇರೆಯದೇ ಜೊತೆ. ಮೊದಲ ದಿನ ಅತಿಥಿಗಳ ಚಪ್ಪಲಿ ಕೊಟ್ಟರು. ಚಿಕ್ಕದಾಗಿತ್ತು, ಮೆಟ್ಟಿಲಲ್ಲಿ ಜಾರುತ್ತಿತ್ತು. ಪಾದ ದೊಡ್ಡದಿದ್ದರೆ, ಹೊರಗೆ ಹಾಕಿರದ ಹೊಸ ಜೊತೆಯೊಂದನ್ನು ಖಂಡಿತ ತನ್ನಿ. ಇಲ್ಲಿ ದೊಡ್ಡ ಅಳತೆ ಸುಲಭಕ್ಕೆ ಸಿಗುವುದಿಲ್ಲ.