ದೋಣಿಯ ವೇಗ, ದೂರ ಗೊತ್ತಿದ್ದರೆ ಹೊಳೆಯ ಸೆಳವು ಎಷ್ಟು?

ಪರೀಕ್ಷೆ_ತಯಾರಿ:
ನಿಂತ ನೀರಿನಲ್ಲಿ ಗಂಟೆಗೆ 10 ಕಿ.ಮೀ. ಹೋಗುವ ದೋಣಿ, ಹೊಳೆಯಲ್ಲಿ 24 ಕಿ.ಮೀ. ಕೆಳಕ್ಕೆ ಹೋಗಿ ವಾಪಸ್ ಬರಲು ಒಟ್ಟು 5 ಗಂಟೆ ಬೇಕು. ಸೆಳವು ಎಷ್ಟು? ಹೋಗುವಾಗ ಸಿಕ್ಕ ಲಾಭ ಬರುವಾಗ ಸರಿಹೋಗಬೇಕು ಅಲ್ವಾ? 48 ಕಿ.ಮೀ.ಗೆ 4.8 ಗಂಟೆ ಸಾಕಿತ್ತು. ಉಳಿದ 12 ನಿಮಿಷ ಎಲ್ಲಿಂದ ಬಂತು?

ಲೆಕ್ಕದ_ಮೇಷ್ಟ್ರು:
ಸರಿಹೋಗುವುದಿಲ್ಲ. ದೂರ ಎರಡೂ ಕಡೆ ಒಂದೇ, ಆದರೆ ಸೆಳವಿಗೆ ಎದುರಾಗಿ ದೋಣಿ ಜಾಸ್ತಿ ಹೊತ್ತು ಇರುತ್ತದೆ, ಹಾಗಾಗಿ ನಷ್ಟವೇ ಮೇಲಾಗುತ್ತದೆ. ಸೆಳವನ್ನು 'ಸ' ಅನ್ನಿ.
24/(10+ಸ) + 24/(10−ಸ) = 5
480 = 5(100 − ಸ²), ಅಂದರೆ ಸ² = 4. ಸೆಳವು ಗಂಟೆಗೆ 2 ಕಿ.ಮೀ. ತಾಳೆ ನೋಡಿ: ಕೆಳಕ್ಕೆ 2 ಗಂಟೆ, ಮೇಲಕ್ಕೆ 3 ಗಂಟೆ. ಸೂತ್ರ ಸುಮ್ನೆ ಉರು ಹೊಡೆಯಬೇಡಿ, ಸಮಯವನ್ನು ಹೀಗೆ ಬಿಡಿಸಿ ಬರೆಯಿರಿ.

ಅಳಿವೆ_ದಂಡೆ:
ಪರೀಕ್ಷೆಗೆ ಇದು ಸರಿ. ಕಾರವಾರದ ಹತ್ತಿರ ಕಾಳಿ ಅಳಿವೆಯಲ್ಲಿ (ಹೊಳೆ ಕಡಲು ಸೇರುವ ಕಡೆ) ಮಾತ್ರ 5 ಗಂಟೆಯ ಲೆಕ್ಕ ನಡೆಯುವುದಿಲ್ಲ, ಅಷ್ಟರಲ್ಲಿ ಭರತ ಹೋಗಿ ಇಳಿತ ಬಂದು ಸೆಳವಿನ ದಿಕ್ಕೇ ತಿರುಗಿರಬಹುದು. ಅಲ್ಲಿ ಎಂಜಿನ್ ಒಂದೇ ಹದದಲ್ಲಿಟ್ಟು, ಚಿಕ್ಕ ದೂರವನ್ನು ತಕ್ಷಣ ಎರಡೂ ದಿಕ್ಕಿನಲ್ಲಿ ಹೋಗಿ ಜಿಪಿಎಸ್ ವೇಗ ಬರೆದುಕೊಳ್ಳಿ. 12 ಮತ್ತು 8 ಬಂದರೆ ವ್ಯತ್ಯಾಸದ ಅರ್ಧ, 2, ಅದೇ ಸೆಳವು. ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ, ನೀರಿನ ಲೆಕ್ಕದ್ದಲ್ಲ.

ಹೊಳೆಸಾಲು:
ದೋಣಿಯೇ ಇಲ್ಲದಿದ್ದರೆ ದಂಡೆಯಲ್ಲಿ 20 ಮೀಟರ್ ಅಳೆದು, ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಸೆಕೆಂಡು ಎಣಿಸಿ; 20ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಮೇಲ್ಮೈ ವೇಗ. ಮೇಲ್ಮೈ ನೀರು ಸಾಮಾನ್ಯವಾಗಿ ತಳದ ನೀರಿಗಿಂತ ಜೋರಾಗಿ ಹರಿಯುತ್ತದೆ, ಸರಾಸರಿ ಬೇಕಾದರೆ ಆ ವೇಗವನ್ನು ಸುಮಾರು 0.85ರಿಂದ ಗುಣಿಸಿ. ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಬೇಡಿ.