ಆಕ್ಸಿಜನ್ ಸೆನ್ಸರ್ ಹೊಸದು ಹಾಕಿದರೂ ಚೆಕ್ ಎಂಜಿನ್ ಲೈಟ್ ಹೋಗ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ನನ್ನದು ಪೆಟ್ರೋಲ್ ಕಾರು. ಸ್ಕ್ಯಾನರ್ ಹಾಕಿದರೆ ಪಿ0171 ಕೋಡ್ ಬಂತು, ಅಂದರೆ ಮಿಶ್ರಣ ಲೀನ್, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ. ಆಕ್ಸಿಜನ್ ಸೆನ್ಸರ್ ಹೋಗಿರಬೇಕು ಅಂತ ಬದಲಿಸಿದೆ. ನಾಲ್ಕೇ ದಿನಕ್ಕೆ ಲೈಟ್ ಮತ್ತೆ ಹತ್ತಿತು. ಹೊಸದೂ ಕೆಟ್ಟಿದೆಯಾ?

ಉತ್ತರ: ಹಳೆಯದೇ ಕೆಟ್ಟಿರಲಿಲ್ಲ ಅನಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಒಳಗೆ ಬರುವ ಗಾಳಿ ಎಷ್ಟು ಅಂತ ನೋಡಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಕೆಲವು ಮಿಲಿಸೆಕೆಂಡ್ ತೆರೆಯುತ್ತದೆ. ಅದು ಬರೀ ಲೆಕ್ಕ. ಲೆಕ್ಕ ಸರಿಯಾಯಿತಾ ಅಂತ ಹೇಳುವುದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಹಳೇ ಮಾದರಿಯದಾದರೆ ಲೀನ್ ಇದ್ದಾಗ 0.1 ವೋಲ್ಟ್ ಆಸುಪಾಸು, ರಿಚ್ (ಪೆಟ್ರೋಲ್ ಜಾಸ್ತಿ) ಇದ್ದಾಗ 0.9 ಆಸುಪಾಸು ತೋರಿಸುತ್ತದೆ. ಇಸಿಯು ಪೆಟ್ರೋಲ್ ಸ್ವಲ್ಪ ಹೆಚ್ಚಿಸುತ್ತದೆ, ಸ್ವಲ್ಪ ಇಳಿಸುತ್ತದೆ, ಹೀಗೆ ತೂಗಾಡುತ್ತಲೇ ಇರುತ್ತದೆ. ಈ ತಿದ್ದುಪಡಿಗೇ ಫ್ಯುಯೆಲ್ ಟ್ರಿಮ್ ಅನ್ನುವುದು. ಎಷ್ಟು ಹೆಚ್ಚಿಸಿದರೂ ಲೀನ್ ಅಂತಲೇ ಬರುತ್ತಿದ್ದರೆ, ಎಷ್ಟೋ ಕಾರುಗಳಲ್ಲಿ 25% ಹತ್ತಿರ ಹೋದಾಗ, ಕೈಚೆಲ್ಲಿ ಲೈಟ್ ಹತ್ತಿಸುತ್ತದೆ.

ಇನ್ನೊಂದು ಮಾತು, ಇದು ಎಷ್ಟೋ ಮೆಕ್ಯಾನಿಕ್‌ಗಳಿಗೂ ತಲೆಗೆ ಹೋಗಿರುವುದಿಲ್ಲ. ಆ ಸೆನ್ಸರಿಗೆ ಗೊತ್ತಾಗುವುದು ಆಕ್ಸಿಜನ್ ಮಾತ್ರ, ಪೆಟ್ರೋಲ್ ಅಲ್ಲ. ಒಂದು ಪ್ಲಗ್ ಕಿಡಿ ಹಾರಿಸದಿದ್ದರೆ ಉರಿಯದ ಪೆಟ್ರೋಲ್, ಬಳಕೆಯಾಗದ ಗಾಳಿ ಎರಡೂ ಹೊರಗೆ ಬರುತ್ತವೆ, ಸೆನ್ಸರ್ ಮಾತ್ರ ಗಾಳಿ ಕಂಡು ಲೀನ್ ಅನ್ನುತ್ತದೆ, ಇಸಿಯು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ! ಸೆನ್ಸರಿಗಿಂತ ಮುಂಚೆ ಪೈಪ್ ಲೀಕ್ ಇದ್ದರೂ ಇದೇ ಕಥೆ.

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಮತ್ತು 2500 ಆರ್‌ಪಿಎಂನಲ್ಲಿ ಟ್ರಿಮ್ ಎಷ್ಟಿದೆ ನೋಡಿ ಹೇಳಿ. ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದೆಯಾ?

ಪ್ರಶ್ನೆ: ಇದೆ ಸರ್. ಎಂಜಿನ್ ಬಿಸಿಯಾದ ಮೇಲೆ ನೋಡಿದೆ. ಟ್ರಿಮ್ ಐಡಲ್‌ನಲ್ಲಿ +22%, 2500ರಲ್ಲಿ +4%.

ಉತ್ತರ: ಹಾಗಾದರೆ ವ್ಯಾಕ್ಯೂಮ್ ಲೀಕೇ ಇರಬೇಕು. ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಅದಕ್ಕೆ ಆ ಕಳ್ಳಗಾಳಿ ದೊಡ್ಡ ಪಾಲು. ವೇಗ ಹೆಚ್ಚಿದರೆ ಅದು ಲೆಕ್ಕಕ್ಕೇ ಇಲ್ಲ. ಉಲ್ಟಾ ಆಗಿ ಲೋಡ್ ಜೊತೆ ಟ್ರಿಮ್ ಏರಿದ್ದರೆ ಏರ್‌ಫ್ಲೋ ಸೆನ್ಸರ್ ಕೊಳೆ ಅಥವಾ ಪೆಟ್ರೋಲ್ ಪಂಪ್ ನೋಡಿ ಅನ್ನುತ್ತಿದ್ದೆ. ಪಿಸಿವಿ ಪೈಪು (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿ ದಾರಿಗೆ ಬಿಡುವುದು), ಬ್ರೇಕ್ ಬೂಸ್ಟರ್ ಪೈಪು, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ನೋಡಿ. ಪೈಪಿನ ಕೆಳಭಾಗಕ್ಕೂ ಬೆರಳಾಡಿಸಿ, ಬಿರುಕು ಅಲ್ಲೇ ಅಡಗಿರುತ್ತದೆ.

ಪ್ರಶ್ನೆ: ಸಿಕ್ತು ಸರ್! ಪಿಸಿವಿ ಪೈಪು, ತಿರುವಿನ ಅಡಿಯಲ್ಲೇ ಸೀಳಿತ್ತು. ಬದಲಿಸಿದೆ, ಈಗ ಐಡಲ್‌ನಲ್ಲಿ +3. ಹಳೇ ಸೆನ್ಸರ್ ಬಿಸಾಕಿಲ್ಲ, ಏನು ಮಾಡಲಿ?

ಉತ್ತರ: ಡಿಕ್ಕಿಯಲ್ಲಿಡಿ, ಸ್ಪೇರ್ ಆಯ್ತಲ್ವಾ.