ಶಿಕಾಗೋ ಹಿತ್ತಿಲಲ್ಲಿ ಅವರೆ: ಹೂ ಬರುವ ಹೊತ್ತಿಗೆ ಫ್ರಾಸ್ಟ್

ಬೇಲಿಬಳ್ಳಿ:
ಶಿಕಾಗೋ ಉಪನಗರ, 4×12 ಅಡಿಯ ಎರಡು ಪಾತಿ. ಮೇ ಕೊನೆಗೆ ಹಾಕಿದ ಊರಿನ ಅವರೆ ಬೇಲಿ ತುಂಬ ಹಬ್ಬುತ್ತೆ, ಹೂ ಮಾತ್ರ ಸೆಪ್ಟೆಂಬರ್ ಕಳೆಯುವವರೆಗೆ ಇಲ್ಲ. ಕಾಯಿ ಇನ್ನೂ ಚಪ್ಪಟೆ ಇರುವಾಗಲೇ ಫ್ರಾಸ್ಟ್ (ಎಲೆ ಮೇಲೆ ನೀರು ಹೆಪ್ಪುಗಟ್ಟಿಸುವ ಚಳಿ) ಬಿದ್ದು ಬಳ್ಳಿ ಕರ್ರಗಾಗುತ್ತೆ. ಏಪ್ರಿಲ್‌ನಲ್ಲೇ ಮನೆಯೊಳಗೆ ಸಸಿ ಮಾಡಿಕೊಂಡರೆ ಹೂ ಬೇಗ ಬಂದೀತಾ? ಬೆಂಡೆ, ಬದನೆ, ಮೆಂತ್ಯಕ್ಕೆ ಅಮೆರಿಕದ ಕೃಷಿ ಇಲಾಖೆ ಒಂದೊಂದು ಪ್ರದೇಶಕ್ಕೆ ಕೊಟ್ಟಿರುವ ಝೋನ್ ನಂಬರ್ ನೋಡಿ ದಿನ ಗೊತ್ತುಮಾಡಬಹುದಾ?

ಸೊಗಡು:
ಬರಲ್ಲ, ಬರೀ ಎಲೆ ಜಾಸ್ತಿಯಾಗುತ್ತೆ. ಊರಿನ ಅವರೆ ಹಗಲು ಕುಗ್ಗಿದ ಮೇಲೆ ಹೂ ಬಿಡುವ ಜಾತಿ. ಬೆಂಗಳೂರಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಶಿಕಾಗೋದಲ್ಲಿ ಜೂನ್‌ನಲ್ಲಿ 15 ದಾಟುತ್ತೆ, 12ಕ್ಕೆ ಇಳಿಯೋದು ಸೆಪ್ಟೆಂಬರ್ 25ರ ಆಸುಪಾಸು. ಆಮೇಲೆ ಹೂವಾಗಿ ಕಾಳು ತುಂಬಲು ನಾಲ್ಕು ವಾರವಾದರೂ ಬೇಕು, ಅಷ್ಟರಲ್ಲಿ ಫ್ರಾಸ್ಟ್.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ 4 ಹಾಕಿ. ಹಗಲು ಎಷ್ಟೇ ಉದ್ದವಿರಲಿ, ಬಿತ್ತಿದ ಆರೇಳು ವಾರಕ್ಕೆ ಹೂ. ಜೂನ್ ಮೊದಲ ವಾರ ಬಿತ್ತಿದರೆ ಆಗಸ್ಟ್ ಕೊನೆಗೆ ಕಾಯಿ. ಪೊದೆಯಾಗಿ ಬೆಳೆಯುತ್ತೆ, ಚಪ್ಪರ ಬೇಡ; ಗಿಡಕ್ಕೂ ಗಿಡಕ್ಕೂ ಒಂದಡಿ ಬಿಡಿ. ಮಾಗಿ ಅವರೆಯ ಸೊಗಡು ಮಾತ್ರ ಕೇಳಬೇಡಿ. ಬೀಜ ಊರಿಂದ ತರೋದಾದರೆ ಅಮೆರಿಕದ ಕೃಷಿ ಇಲಾಖೆಯ ಪರ್ಮಿಟ್ ಮೊದಲೇ ಮಾಡಿಸಿ.

ಹದಮಣ್ಣು:
ಝೋನ್ ಅಂದರೆ ಚಳಿಗಾಲದ ಕನಿಷ್ಠ ತಾಪಮಾನದ ಲೆಕ್ಕ. ಹಣ್ಣಿನ ಮರಕ್ಕೆ ಸರಿ, ಬೆಂಡೆಗೆ ಪ್ರಯೋಜನವಿಲ್ಲ. ನೋಡಬೇಕಾದ್ದು ಕೊನೆಯ ಫ್ರಾಸ್ಟ್, ಮೊದಲ ಫ್ರಾಸ್ಟ್: ನಿಮ್ಮ ಕಡೆ ಹೆಚ್ಚುಕಡಿಮೆ ಮೇ ಆರಂಭ, ಅಕ್ಟೋಬರ್ ಮಧ್ಯ. ಅದು ಸರಾಸರಿ, ಹಾಗಾಗಿ ಎರಡು ವಾರ ಹಿಂದೆಮುಂದೆ ಆಗಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ.

ಬದನೆಯನ್ನು ಮಾರ್ಚ್ ಕೊನೆಗೆ ಒಳಗೆ ಬಿತ್ತಿ, ಎಂಟು ವಾರಕ್ಕೆ ಸಸಿ. ನೆಡುವ ಮೊದಲು 7–10 ದಿನ ಹೊರಗಿಟ್ಟು ರೂಢಿ ಮಾಡಿ: ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಹೆಚ್ಚು. ನೇರ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಡುತ್ತೆ. ಬೆಂಡೆಗೆ ಕ್ಯಾಲೆಂಡರ್‌ಗಿಂತ ಥರ್ಮಾಮೀಟರ್ ವಾಸಿ. ಬೆಳಿಗ್ಗೆ 4 ಇಂಚು ಆಳದಲ್ಲಿ ಮಣ್ಣು ನಾಲ್ಕು ದಿನ ಸತತ 18 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ತಣ್ಣನೆ ಹಸಿಮಣ್ಣಲ್ಲಿ ಬೀಜ ಕೊಳೆಯುತ್ತೆ. ಮೆಂತ್ಯಕ್ಕೆ ಇದ್ಯಾವುದೂ ಇಲ್ಲ, ಏಪ್ರಿಲ್ ಮಧ್ಯಕ್ಕೆ ಎರಚಿ. ಆಗಸ್ಟ್ ಕೊನೆಗೆ ಇನ್ನೊಮ್ಮೆ.

ಬೇಲಿಬಳ್ಳಿ:
ಫೋನು 3 ಡಿಗ್ರಿ ತೋರಿಸಿದ ರಾತ್ರಿಯೂ ಎಲೆ ಸುಟ್ಟಿತ್ತಲ್ಲ?

ಹದಮಣ್ಣು:
ಫೋನಿನ ಅಂಕಿ ಆಳೆತ್ತರದ ಗಾಳಿಯದ್ದು. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ಎಲೆ ಅದಕ್ಕಿಂತ ತಣ್ಣಗಾಗಿ ಸೊನ್ನೆಗಿಳಿಯುತ್ತೆ. ಹೊತ್ತು ಮುಳುಗುವ ಮೊದಲೇ ಹಳೇ ಕಾಟನ್ ಬೆಡ್‌ಶೀಟ್ ನೆಲ ಮುಟ್ಟುವಂತೆ ಹೊದಿಸಿ, ಅಂಚಿಗೆ ಕಲ್ಲಿಡಿ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆ ಸುಟ್ಟೇ ಸುಡುತ್ತೆ.